ಸಟ್ಟುಗದ ಮೇಲೆ ಕೆತ್ತಿಸಿದ್ದು

ವೆಂಕಟಗಿರಿಯ ಸಂಸಾರದಲ್ಲಿ ಜಗಳಕ್ಕೆ ದೊಡ್ಡ ಕಾರಣ ಬೇಕಿರಲಿಲ್ಲ. ದೋಸೆ ಮಗುಚುವ, ಉಪ್ಪಿಟ್ಟು ಕೆದಕುವ, ತಳ ಹಿಡಿದದ್ದನ್ನು ಕೆರೆಯುವ ಚಪ್ಪಟೆ ಸಾಮಾನಿಗೆ ಅವನು ಸಟ್ಟುಗ ಅನ್ನುತ್ತಿದ್ದ, ಹೆಂಡತಿ ಪಂಕಜಾ ಮಗುಚೋ ಕೈ ಅನ್ನುತ್ತಿದ್ದಳು. ಆ ಭಾನುವಾರ ಮನೆಯಲ್ಲಿದ್ದ ಒಂದೇ ಒಂದರ ಹಿಡಿ ಮುರಿಯಿತು, ಮಾತು ಮತ್ತೆ ಬೆಳೆಯಿತು.

"ಮಗುಚುತ್ತೆ, ಅದಕ್ಕೇ ಮಗುಚೋ ಕೈ. ನಿಮ್ ಸಟ್ಟುಗಕ್ಕೆ ಏನ್ರೀ ಅರ್ಥ?" ಎಂದಳು ಪಂಕಜಾ.

ಅರ್ಥ ಅವನಿಗೂ ಗೊತ್ತಿರಲಿಲ್ಲ. ಆದರೆ ಅದು ತೀರಿಹೋದ ಅಮ್ಮನ ಬಾಯಲ್ಲಿದ್ದ ಮಾತು, ಬಿಟ್ಟುಕೊಡಲು ಮನಸ್ಸೊಪ್ಪಲಿಲ್ಲ. ವಿಜಯನಗರದ ಪಾತ್ರೆ ಅಂಗಡಿಗೆ ಹೋಗಿ ಸ್ಟೀಲಿನದೊಂದನ್ನು ಕೊಂಡ. ಹಿಡಿಯ ಮೇಲೆ ಮನೆಯವರ ಹೆಸರು ಕೆತ್ತಲೇ ಎಂದು ಅಂಗಡಿಯವನು ಮಷೀನು ಹಿಡಿದು ಕೇಳಿದಾಗ, ಹೆಸರು ಬೇಡ, ‘ಸಟ್ಟುಗ’ ಅಂತ ಕೆತ್ತು ಎಂದ. ಇನ್ನು ದಿನಾ ಅವಳೇ ಓದಿಕೊಳ್ಳಲಿ ಎಂದು ಬೀಗುತ್ತಾ ಮನೆಗೆ ಬಂದ.

ಪಂಕಜಾ ಓದಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಮೂಲೆ ಮನೆಯ ಗಂಗಲಕ್ಷ್ಮಮ್ಮ ಮೊಮ್ಮಗನ ನಾಮಕರಣದ ಅಡುಗೆಗೆಂದು ವಠಾರದ ಸಾಮಾನೆಲ್ಲ ಕೂಡಿಸುತ್ತಾ ಬಂದರು. ಅವರ ಬುಟ್ಟಿಗೆ ಅದನ್ನೂ ಹಾಕಿ ಕಳಿಸಿದಳು.

ಸಂಜೆ ಎಲ್ಲವೂ ಅಂಗಳಕ್ಕೆ ವಾಪಸು ಬಂದವು. ವಠಾರದ ಮಾಲೀಕ ಹನುಮಂತಯ್ಯ ಕನ್ನಡಕ ಏರಿಸಿ, ಕೆತ್ತಿದ ಹೆಸರು ಓದಿ ಓದಿ ಹಂಚಿದರು. ಕೊನೆಗೆ ಉಳಿದದ್ದು ‘ಸಟ್ಟುಗ’ ಎಂದು ಕೆತ್ತಿದ್ದು ಒಂದೇ. ವೆಂಕಟಗಿರಿ ಕೈ ಚಾಚುವಷ್ಟರಲ್ಲಿ ಪಕ್ಕದ ಮನೆಯ ಸೀತಾ ಮುಂದೆ ಬಂದಳು. ಅವಳೂ ಹೆಸರಿಲ್ಲದ್ದೊಂದನ್ನು ಕೊಟ್ಟಿದ್ದಳು, ಅದು ಕಾಣೆಯಾಗಿತ್ತು. ವಠಾರದಲ್ಲಿ ಸಟ್ಟುಗ ಅನ್ನುವುದು ತಮ್ಮ ಮನೆಯವರು ಮಾತ್ರ, ಗುರುತಿಗೆಂದು ಗಂಗಲಕ್ಷ್ಮಮ್ಮನವರೇ ಕೆತ್ತಿಸಿರಬೇಕು ಎಂದವಳು, ಹೊಸದರಂತೆ ಬೆಳಗಿ ಕೊಟ್ಟದ್ದಕ್ಕೆ ಅವರನ್ನು ಹೊಗಳಿದಳು ಕೂಡ. ಹೊಗಳಿಕೆಗೆ ಹಿಗ್ಗಿದ ಗಂಗಲಕ್ಷ್ಮಮ್ಮ ಅಲ್ಲವೆನ್ನಲು ಹೋಗಲಿಲ್ಲ.

ತಾನೂ ಸಟ್ಟುಗ ಅನ್ನುವವನೇ ಎಂದು ವೆಂಕಟಗಿರಿ ಗಂಟಲು ಹರಿದುಕೊಂಡ. ಅಡುಗೆಮನೆಯ ಸಾಮಾನಿನ ವಿಷಯ ಗಂಡಸರಿಗೇನು ಗೊತ್ತು ಎಂದು ಹನುಮಂತಯ್ಯ ಪಂಕಜಾಳ ಕಡೆ ತಿರುಗಿದರು.

"ನಿಮ್ಮನೇಲಿ ಇದಕ್ಕೆ ಏನಂತೀರಮ್ಮ?"

ಒಂದೇ ಒಂದು ಸಲ ಅಂದುಬಿಡು ಎಂದು ವೆಂಕಟಗಿರಿ ಕಣ್ಣಲ್ಲೇ ಬೇಡಿಕೊಂಡ.

"ಮಗುಚೋ ಕೈ," ಎಂದಳು ಪಂಕಜಾ. "ನಮ್ಮನೇಲಿ ಬೇರೆ ಮಾತೇ ಇಲ್ಲ."

ಸಟ್ಟುಗ ಸೀತಾಳ ಪಾಲಾಯಿತು.

ದೀಪ ಹಚ್ಚಿ ಪಂಕಜಾ ಕಾವಲಿಗೆ ಹಿಟ್ಟು ಹುಯ್ದಳು. ಮಗುಚಲು ಏನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಕೇಳಿ ತನ್ನಿ, ಯಾವ ಹೆಸರು ಬೇಕೋ ಅದನ್ನೇ ಹೇಳಿ ಎಂದಳು. ವೆಂಕಟಗಿರಿ ಸೀತಾಳ ಬಾಗಿಲಲ್ಲಿ ಎದೆ ಸೆಟೆಸಿ ನಿಂತು, ಸಟ್ಟುಗ ಕೊಡಿ ಎಂದು ಇಡೀ ವಠಾರಕ್ಕೆ ಕೇಳುವಂತೆ ಕೇಳಿದ.

ಸೀತಾ ಮೆಚ್ಚಿ ನಕ್ಕಳು. "ಪರವಾಗಿಲ್ಲ ಅಣ್ಣ, ನಮ್ಮನೆ ಮಾತು ಬೇಗ ಕಲಿತುಬಿಟ್ರಿ."