ನಾನು ಜಪಾನಿ ಕಣ್ಣು ಬರೆಯಲು ಕಲಿತದ್ದು

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ಕಪ್ಪುಹಲಗೆಯ ಮೇಲೆ ಎಷ್ಟು ಕಪ್ಪೆ, ಎಷ್ಟು ಎರೆಹುಳು ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನಾನು ಬರೆದ ಜಿರಲೆ ಕಂಡು ಮುಂದಿನ ಬೆಂಚಿನ ಹುಡುಗಿಯರು ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಇಂಥವಳಿಗೆ ಚಿತ್ರದ ಗಂಧವಿಲ್ಲ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೇಳಿದರೆ, ಅವಳು ಸ್ವಂತ ಮೊಮ್ಮಗಳೇ ಆದರೂ, ಸುಮ್ಮನಿರುವುದು ಶಾಸ್ತ್ರದ್ರೋಹ.

ಮೊಮ್ಮಗಳು ಶಿವಾನಿ. ಅವಳಪ್ಪ, ಅಂದರೆ ನನ್ನ ಮಗ ನಂಜುಂಡೇಶ, ಅರಣ್ಯ ಇಲಾಖೆಯವನು. ಹೆಂಡತಿಯೊಂದಿಗೆ ಅಂತರಸಂತೆಯ ಕ್ವಾರ್ಟರ್ಸಿನಲ್ಲಿದ್ದಾನೆ. ಅಲ್ಲಿ ಶಾಲೆಯ ಬಸ್ಸಿಗಿಂತ ಆನೆಗಳು ಹೊತ್ತಿಗೆ ಸರಿಯಾಗಿ ಬರುತ್ತವೆ. ಆದ್ದರಿಂದ ಹುಡುಗಿ ಐದನೇ ತರಗತಿಯಿಂದ ಹುಣಸೂರಿನಲ್ಲಿ ನಮ್ಮ ಜೊತೆಗಿದ್ದಾಳೆ. ನಾನು ಅವಳಿಗೆ ಪಾಠ ಹೇಳುತ್ತೇನೆ. ನಮ್ಮ ಯಜಮಾನರು ಮಹದೇವಪ್ಪನವರು ಅವಳಿಗೆ ಗೋಬಿ ತಂದುಕೊಡುತ್ತಾರೆ. ಇಬ್ಬರಲ್ಲಿ ಯಾರು ಜನಪ್ರಿಯರೆಂದು ಬೇರೆ ಹೇಳಬೇಕಾಗಿಲ್ಲ.

ಜನವರಿಯ ಒಂದು ಸಂಜೆ ಅವಳು ಡ್ರಾಯಿಂಗ್ ಶೀಟಿನಲ್ಲಿ ಒಂದು ಹೆಣ್ಣಿನ ಮುಖ ಬರೆದು ಮೇಜಿನ ಮೇಲಿಟ್ಟು ಟ್ಯೂಷನ್ನಿಗೆ ಹೋಗಿದ್ದಳು. ಕಣ್ಣುಗಳು ಅರ್ಧ ಮುಖವನ್ನು ಒತ್ತುವರಿ ಮಾಡಿಕೊಂಡಿದ್ದವು. ಮೂಗಿನ ಜಾಗದಲ್ಲಿ ಒಂದು ಚುಕ್ಕೆ. ಬಾಯಿ, ಸಾಸಿವೆ ಸಿಡಿದಷ್ಟು. ನಾನು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದುಕೊಂಡೆ. "ಮೂಗು ಎಲ್ಲಿ? ಇಷ್ಟು ದೊಡ್ಡ ಕಣ್ಣುಗುಡ್ಡೆಯಿದ್ದರೆ ಮೆದುಳಿಗೆ ಜಾಗವೆಲ್ಲಿ? ನಾಲ್ಕು, ಹತ್ತಕ್ಕೆ" ಎಂದು ಬರೆದು ಸಹಿ ಹಾಕಿದೆ. ಅದು ಅವಳ ಗೆಳತಿ ರಮ್ಯಳ ಹುಟ್ಟುಹಬ್ಬದ ಉಡುಗೊರೆಯೆಂದು ನನಗೇನು ಗೊತ್ತು?

"ಅಜ್ಜಿ, ಇದು ಅನಿಮೆ. ಜಪಾನ್ದು. ಇದ್ರಲ್ಲಿ ಮೂಗು ಹಿಂಗೇ ಇರೋದು."

"ಹೇಗೆ?"

"ಇಲ್ದಂಗೆ."

"ಉಸಿರಾಡುವುದು?"

"ನಿಂಗೆ ಗೊತ್ತಿಲ್ದೇ ಇರೋದೆಲ್ಲ ತಪ್ಪಾ? ಎಲ್ಲಿ, ನೀನು ಒಂದು ಬರ್ದು ತೋರ್ಸು ನೋಡಾನ."

ಅಷ್ಟೇ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಮೌನದ ಎದುರು ನನಗೆ ಅನುಭವ ಸಾಲದು. ಅಡುಗೆಮನೆಯಲ್ಲಿ ನಾನು ಎದುರಿಗೇ ನಿಂತಿದ್ದರೂ, "ತಾತ, ಉಪ್ಪು ಜಾಸ್ತಿ ಆಯ್ತು ಅಂತ ಹೇಳಿ" ಎನ್ನುವಳು. ಯಜಮಾನರು ಅದನ್ನು ನನಗೆ ಅನುವಾದಿಸುವರು. (ಅನುವಾದದಲ್ಲಿ ಉಪ್ಪು ಸ್ವಲ್ಪ ಹೆಚ್ಚಾಗುತ್ತಿತ್ತೆಂದು ನನ್ನ ಗುಮಾನಿ.) ದಿನವೂ ರಾಶಿ ಹಾಕಿಕೊಂಡು ನಾನೂ ಅವಳೂ ಹಿತುಕುತ್ತಿದ್ದ ಅವರೆಕಾಳನ್ನು ನಾನೊಬ್ಬಳೇ ಹಿತುಕಿದೆ. ಕಾಳು ಚಿಮ್ಮಿ ಹೋದರೆ ಎತ್ತಿಕೊಡುವವರಿರಲಿಲ್ಲ. ಸೊಂಟ ನನ್ನದೇ ಬಗ್ಗಬೇಕಾಗಿತ್ತು.

ಹದಿನೈದು ದಿನ ಕಳೆದ ಮೇಲೆ ಮಗ ಫೋನು ಮಾಡಿದ. "ಅಮ್ಮ, ಶಿವಾನಿ ಜೂನ್‌ನಿಂದ ಮೈಸೂರಲ್ಲಿ ಹಾಸ್ಟೆಲ್‌ಗೆ ಸೇರ್ತೀನಿ ಅಂತವ್ಳೆ. ಅರ್ಜಿ ತರ್ಸಿದೀನಿ. ನಿಂಗೂ ವಯಸ್ಸಾಯ್ತು, ಸ್ವಲ್ಪ ರೆಸ್ಟ್ ಆಗ್ಲಿ."

"ಆಗಲಿ" ಎಂದೆ. ಮನೆ ನಿಶ್ಶಬ್ದವಾಗಿದ್ದರೆ ನನಗೆ ಓದಲು ಅನುಕೂಲ ಎಂದೂ ಹೇಳಿದೆ. ಫೋನು ಇಟ್ಟ ಮೇಲೆ ಒಂದೇ ಪುಟವನ್ನು ನಾಲ್ಕು ಸಲ ಓದಿದೆ.

ಒಂದು ಮಾತು ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು ಎಂದು ಓದುಗರು ಹೇಳಬಹುದು. ಯಜಮಾನರೂ ಹೇಳಿದರು. ಆದರೆ ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಎಪ್ಪತ್ತೊಂದರ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯಲೇಬೇಕಾದರೆ ಸುಲಭವಾದದ್ದನ್ನು ಕಲಿಯೋಣವೆಂದು ಅನಿಮೆಯನ್ನು ಆರಿಸಿಕೊಂಡೆ.

ಫೋನಿನಲ್ಲಿ ಹುಡುಕಿದೆ. 'ಮೂವತ್ತು ದಿನದಲ್ಲಿ ಅನಿಮೆ' ಎಂಬ ಪಾಠಮಾಲೆ ಸಿಕ್ಕಿತು. ಕಲಿಸುವವನಿಗೆ ಇಪ್ಪತ್ತೂ ಆಗಿರಲಿಲ್ಲ. "ಮೊದಲು ಒಂದು ವೃತ್ತ ಬರೆಯಿರಿ. ಅದರ ಕೆಳಗೆ ಗಲ್ಲ. ನಡುವೆ ಅಡ್ಡಗೆರೆ, ಅದರ ಮೇಲೆ ಕಣ್ಣು. ಉಳಿದದ್ದು ತಾನಾಗಿ ಬರುತ್ತದೆ" ಎಂದ. ನಾನು ಬೀರು ಇರುವ ಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಅಭ್ಯಾಸ ಆರಂಭಿಸಿದೆ. ವೃತ್ತ ಬಂತು. ಗಲ್ಲ ಬಂತು. ಉಳಿದದ್ದು ತಾನಾಗಿ ಬರಲಿಲ್ಲ. ನಾನಾಗಿ ಕರೆದರೂ ಬರಲಿಲ್ಲ. ಮೊದಲ ವಾರ ನಾನು ಬರೆದ ಕನ್ಯೆಯರೆಲ್ಲ ಕಾಡುಪಾಪಗಳಾದರು. (ಕಾಡುಪಾಪಕ್ಕೆ ಅಷ್ಟು ದೊಡ್ಡ ಕಣ್ಣಿರುವುದು ಕತ್ತಲಲ್ಲಿ ಹುಳ ಹಿಡಿಯಲು. ಈ ಕನ್ಯೆಯರು ಏನು ಹಿಡಿಯುತ್ತಾರೋ ಪಾಠದಲ್ಲಿ ಹೇಳಲಿಲ್ಲ.) ದೇವತೆಗಳನ್ನು ರೆಪ್ಪೆ ಬಡಿಯದವರು, ಅನಿಮಿಷರು ಎನ್ನುತ್ತೇವೆ. ಅನಿಮೆಯವರೂ ಅದೇ ಕುಲವಿರಬೇಕು. ಅಷ್ಟು ದೊಡ್ಡ ರೆಪ್ಪೆಯನ್ನು ಒಮ್ಮೆ ಬಡಿದರೆ ಮತ್ತೆ ಎತ್ತಲು ಕೂಲಿಯಾಳು ಬೇಕು.

ಎರಡನೇ ವಾರ ಕೂದಲು. ಎಳೆ ಎಳೆಯಾಗಿ ಬರೆಯಬಾರದು, ಗೊಂಚಲು ಗೊಂಚಲಾಗಿ ಬರೆಯಬೇಕಂತೆ. ನನ್ನ ಗೊಂಚಲು ಬಾಳೆಗೊನೆಯಾಯಿತು. ಮೂರನೇ ವಾರ ಕೈ. ಐದು ಬೆರಳು ಬರೆಯಲು ಐದು ದಿನ ಹೆಣಗಿ, ಕಡೆಗೆ ಹೊಸದಾಗಿ ಕಲಿಯುವವರೆಲ್ಲ ಮಾಡುವ ಉಪಾಯ ಮಾಡಿದೆ: ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಸಿದೆ.

ಆಮೇಲೆ ಮುಖಭಾವದ ಪಾಠ. ಮನೆಯವರನ್ನು ಎದುರು ಕೂರಿಸಿಕೊಂಡು ನೋಡಿ ಬರೆಯಿರಿ ಎಂದ ಆ ಹುಡುಗ. ಯಜಮಾನರನ್ನು ಕರೆದು ಕೂರಿಸಿದೆ.

"ಸ್ವಲ್ಪ ಆಶ್ಚರ್ಯ ತೋರಿಸಿ."

"ನಲವತ್ತೇಳು ವರ್ಷದಿಂದ ನಿನ್ ಜೊತೆಗಿದೀನಿ ಕಣೆ. ಆಶ್ಚರ್ಯ ಪಡೋದು ಬಿಟ್ಟು ಎಷ್ಟೋ ಕಾಲ ಆಯ್ತು."

"ಸರಿ, ಸಂತೋಷ ತೋರಿಸಿ."

"ಈಗ್ಲೇನಾ?"

"ಈಗ ಬೇಡವಾದರೆ ಮುಹೂರ್ತ ಇಡಿಸೋಣವೇ?"

"ಅಂಗಲ್ಲ, ಆ ಪೆನ್ಸಿಲ್ ಕೆಳಗಿಡು. ಅದನ್ ಹಿಡ್ಕೊಂಡು ನೀನು ನೋಡ್ತಾ ಇದ್ರೆ ಪರೀಕ್ಷೆ ಹಾಲ್‌ನಲ್ಲಿ ಕೂತಂಗಾಯ್ತದೆ. ನಗು ಎಲ್ಲಿಂದ ಬಂದಾದು?"

ಅವರನ್ನು ಹೊರಗೆ ಕಳಿಸಿ, ಬೀರುವಿನ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಿ ಬರೆದೆ. ಅದರಲ್ಲಿ ಸಿಕ್ಕಿದ್ದು ಒಂದೇ ಭಾವ. ಇದ್ದ ಸಾಮಗ್ರಿಯಲ್ಲೇ ಅಡುಗೆ ಮಾಡುವುದು ಗೃಹಿಣಿಯ ಧರ್ಮ.

ಫೆಬ್ರವರಿ ಕೊನೆಗೆ ನನ್ನ ಮಹಾಕೃತಿ ಸಿದ್ಧವಾಯಿತು. ದೊಡ್ಡ ಚಾರ್ಟ್ ಪೇಪರಿನಲ್ಲಿ ಶಿವಾನಿಯದೇ ಚಿತ್ರ. ಎರಡು ಜಡೆ, ಕೆಂಪು ರಿಬ್ಬನ್ನು, ತಟ್ಟೆಯಗಲದ ಕಣ್ಣು, ಕಣ್ಣಿನೊಳಗೆ ಎರಡೆರಡು ಬಿಳಿ ಹೊಳಪು. ಮೂಗಿನ ಜಾಗದಲ್ಲಿ ಹಲ್ಲು ಕಚ್ಚಿಕೊಂಡು ಒಂದು ಚುಕ್ಕೆ ಇಟ್ಟೆ. ನನ್ನ ಇಡೀ ಶಾಸ್ತ್ರಜ್ಞಾನವನ್ನು ಬಲಿಗೊಟ್ಟ ಚುಕ್ಕೆ ಅದು. ಅದನ್ನು ನೋಡಿದರೆ ಹುಡುಗಿಗೆ ಅರ್ಥವಾದೀತು, ಬಾಯಿಬಿಟ್ಟು ಕೇಳದ ಕ್ಷಮೆ ಆ ಚುಕ್ಕೆಯಲ್ಲಿದೆಯೆಂದು. ಭಾನುವಾರ ಬೆಳಿಗ್ಗೆ ಅವಳು ಏಳುವ ಮೊದಲೇ ಚಿತ್ರವನ್ನು ಸುರುಳಿ ಸುತ್ತಿ ಅವಳ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಮೇಜು ಬರಿದು. ಹುಡುಗಿ ಇನ್ನೂ ಮಲಗಿದ್ದಳು.

"ರೀ, ಇಲ್ಲಿದ್ದ ಚಾರ್ಟು?"

"ಜವರಯ್ಯ ಬಂದಿದ್ದ, ಕೊಟ್ಟೆ" ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ.

ಜವರಯ್ಯ ಅವರ ಹಳೆಯ ಸ್ನೇಹಿತ. ಕೆ.ಆರ್. ನಗರದ ರಸ್ತೆಯ ಪಕ್ಕದಲ್ಲೇ ಅವನ ಟೊಮೊಟೊ ಹೊಲ. ರಸ್ತೆಯಲ್ಲಿ ಹೋಗುವವರೆಲ್ಲ ಫಸಲಿನ ಮೇಲೆ ಕಣ್ಣು ಹಾಕುತ್ತಾರೆ, ಪೇಟೆಯಿಂದ ಒಂದು ದೃಷ್ಟಿಬೊಂಬೆಯ ಪಟ ತಂದುಕೊಡು ಎಂದು ಇವರಿಗೆ ಹೇಳಿ ತಿಂಗಳಾಗಿತ್ತು. ಇವರು ನಿತ್ಯ ಮರೆಯುತ್ತಿದ್ದರು. ಕೋರೆಹಲ್ಲು, ಗಿರಿಜಾಮೀಸೆ, ಹೊರಚಾಚಿದ ನಾಲಗೆಯ ಆ ರಾಕ್ಷಸ ಮುಖವನ್ನು ಕಟ್ಟುತ್ತಿರುವ ಮನೆಗಳಿಗೆ, ಬೆಳೆದ ಹೊಲಗಳಿಗೆ ತೂಗುಹಾಕುವುದನ್ನು ಎಲ್ಲರೂ ನೋಡಿರುತ್ತೀರಿ.

"ದೃಷ್ಟಿಪಟಕ್ಕೆ ನನ್ನ ಚಿತ್ರ ಕೊಟ್ಟಿರಾ?"

"ಬಿಚ್ಚಿ ನೋಡ್ದೆ. ನಾನು ಮರೀತಾ ಇದೀನಿ ಅಂತ ನೀನೇ ಪಾಪ ಬರ್ದು ಇಟ್ಟಿದೀಯ ಅಂದ್ಕೊಂಡೆ ಕಣೆ. ಒಂದು ತಿಂಗಳಿಂದ ಕದ ಆಕ್ಕೊಂಡು ಬರೀತಿದ್ದಲ್ಲ."

"ಅದು ಶಿವಾನಿಯ ಚಿತ್ರ."

ಯಜಮಾನರು ಪೇಪರನ್ನು ಮಡಿಸಿ ಕೆಳಗಿಟ್ಟರು. ನಲವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಆಶ್ಚರ್ಯ ಕಂಡಿತು. ಪೆನ್ಸಿಲ್ ನನ್ನ ಕೈಯಲ್ಲಿರಲಿಲ್ಲ.

"ಜವರಯ್ಯ ಏನೆಂದ?" ಎಂದು ಕೇಳಿದೆ. ಕೇಳಬಾರದಾಗಿತ್ತು.

"ಒಂದು ಹೆಜ್ಜೆ ಹಿಂದಕ್ ಸರಿದ. 'ಮಾದೇವಣ್ಣ, ಅಂಗ್ಡೀಲಿ ಸಿಕ್ಕೋವೆಲ್ಲ ಗಂಡು ಮೊಕ, ಅವುಕ್ಕೆ ಯಾವ್ ನವಿಲೂ ಎದ್ರಲ್ಲ. ಇದು ಸರಿಯಾದ್ದು ಬುಡು' ಅಂದ. ಕೈ ಮುಗ್ದು ತಗೊಂಡೋದ."

ಈಗಲೇ ಹೋಗಿ ತನ್ನಿ ಎಂದೆ. ಕೊಟ್ಟದ್ದನ್ನು ವಾಪಸು ಕೇಳಿದರೆ ಸ್ನೇಹ ಕೆಡುತ್ತದೆ, ಕಟ್ಟಿದ ದೃಷ್ಟಿಪಟ ಬಿಚ್ಚಿದರಂತೂ ಮುಂದೆ ಬೀಳುವ ಪ್ರತಿಯೊಂದು ಕಾಯಿಯೂ ನಮ್ಮ ತಲೆಗೆ ಎಂದರು. ಮಹದೇವಪ್ಪನವರು ಜೀವನದಲ್ಲಿ ಹೂಡಿದ ಏಕಮಾತ್ರ ಸಮರ್ಥ ವಾದವಿದು. ಅದಕ್ಕೆ ಈ ಸಂದರ್ಭವೇ ಬೇಕಾಗಿತ್ತು.

ಶಿವಾನಿಯ ಶಾಲೆ ಅದೇ ರಸ್ತೆಯಲ್ಲಿದೆ. ಸೋಮವಾರ ಅವಳ ಸ್ಕೂಲ್ ವ್ಯಾನು ಆ ಹೊಲವನ್ನು ಎರಡು ಸಲ ಹಾದುಹೋಗುತ್ತದೆಂದು ನಾನು ಗಡಿಯಾರ ನೋಡುತ್ತ ಕುಳಿತೆ. ತನ್ನ ಮುಖವನ್ನು ಬೆದರುಬೊಂಬೆ ಮಾಡಿ ನಿಲ್ಲಿಸಿದ ಅಜ್ಜಿಯ ಮನೆಯಲ್ಲಿ ಅವಳು ಜೂನಿನವರೆಗೂ ಇರುವುದು ಸುಳ್ಳು. ಅರ್ಜಿಗೆ ಇನ್ನು ಸಹಿಯೊಂದೇ ಬಾಕಿ.

ಸಂಜೆ ಅವಳು ಬ್ಯಾಗನ್ನು ಸೋಫಾದ ಮೇಲೆ ಎಸೆದು ನೇರವಾಗಿ ನನ್ನೆದುರು ಬಂದು ನಿಂತಳು. ಕಣ್ಣು ತುಂಬಿತ್ತು. ತಾತನ ಮೂಲಕವಲ್ಲ, ನನ್ನೊಡನೆಯೇ ಮಾತಾಡಿದಳು. ಐವತ್ತು ದಿನದ ಮೇಲೆ.

"ಅಜ್ಜಿ, ಯಾರೋ ನಿನ್ ಚಿತ್ರ ಬರ್ದು ಹೊಲಕ್ಕೆ ದೃಷ್ಟಿಗೆ ಕಟ್ಟವ್ರೆ."

"ನನ್ನ ಚಿತ್ರವೇ?" ಎಂದೆ.

"ನಿನ್ ಮೊಕಾನೇ. ಅದೇ ಹುಬ್ಬು, ಅದೇ ಬಾಯಿ. ರಮ್ಯ ಮೊದ್ಲು ನೋಡಿ, 'ಶಿವಾನಿ, ನಿಮ್ಮಜ್ಜಿ ಕಣೇ' ಅಂದ್ಲು. ಡ್ರೈವರ್ ಅಂಕಲ್ ನಿನ್ ಸ್ಟೂಡೆಂಟ್ ಅಂತೆ. ಫೋನಲ್ ಮಾತಾಡ್ತಿದ್ದೋರು ಫೋನ್ ಕೆಳಗಿಟ್ಟು ಸರಿಯಾಗಿ ಕೂತ್ಕೊಂಡ್ಬುಟ್ರು."

"ಹುಡುಗಿಯದೇನೋ ಇರಬೇಕು" ಎಂದೆ, ಕ್ಷೀಣವಾಗಿ. "ಜಡೆ ಇಲ್ಲವೇ?"

"ಎರಡು ಜಡೆ ಬೇರೆ ಹಾಕವ್ರೆ, ಅಣಕ್ಸೋಕೆ. ಈ ವಯಸ್ಸಲ್ಲಿ ರಿಬ್ಬನ್ ಬೇರೆ." ಅವಳು ಮೂಗೊರೆಸಿಕೊಂಡಳು. "ಬರ್ದೋರಿಗೆ ಒಂಚೂರೂ ಬರಲ್ಲ, ಅಜ್ಜಿ. ಕಣ್ಣು ಒಂದೊಂದು ಒಂದೊಂದ್ ಸೈಜು. ಕೈ ಬರಿಯೋಕೆ ಬರ್ದೇ ಹಿಂದಕ್ ಕಟ್ಸವ್ರೆ. ಅನಿಮೆ ಮಾಡೋಕ್ ಹೋಗಿ ಕೆಡ್ಸವ್ರೆ. ಆದ್ರೂ ನೀನೇ ಅಂತ ಗೊತ್ತಾಗ್ತದೆ. ನಿನ್ ಮೇಲೆ ಎಷ್ಟು ಸಿಟ್ಟಿರ್ಬೇಕು ಅವ್ರಿಗೆ."

ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವರಿಗೆ ಒಮ್ಮೆಲೇ ವಾಕಿಂಗಿಗೆ ಹೋಗಬೇಕೆನಿಸಿ ಚಪ್ಪಲಿ ಮೆಟ್ಟಿ ಹೊರಟರು.

ನಾನು ಕಾಫಿಗೆ ನೀರಿಟ್ಟೆ. ಗೋಡೆಯಾಚೆ ಹುಡುಗಿ ಅಪ್ಪನಿಗೆ ಫೋನು ಮಾಡುತ್ತಿದ್ದಳು. ಕದ್ದು ಕೇಳುವುದು ನನ್ನ ಪದ್ಧತಿಯಲ್ಲ. ಆದರೆ ನೀರು ಕುದಿಯುವವರೆಗೆ ಅಲ್ಲೇ ನಿಲ್ಲಬೇಕಾಗಿತ್ತು. ಒಲೆಯನ್ನು ಸಣ್ಣ ಮಾಡಿದೆ.

"ಅಪ್ಪ, ಹಾಸ್ಟೆಲ್ ಬೇಡ ಬಿಡು... ಇಲ್ಲ, ಇಲ್ಲಿ ಇಷ್ಟ ಅಂತೇನಿಲ್ಲ. ಅಜ್ಜೀನ ಊರಲ್ಲಿ ಯಾರ್ಗೂ ಆಗಲ್ಲ ಕಣಪ್ಪ. ಹೊಲಕ್ಕೆ ಕಟ್ಟೋವಷ್ಟು ಆಗಲ್ಲ. ತಾತ ಹೆಂಗೂ ವಾಕಿಂಗ್ ಹೋಗ್ಬುಡ್ತಾರೆ. ನಾನೂ ಹೋದ್ರೆ ಅಜ್ಜೀನ ಮಾತಾಡ್ಸೋರ್ ಯಾರು ಹೇಳು... ಹ್ಞೂ, ಪಾಪ ಅನ್ನಿಸ್ತು."

ಪಾಪ. ಮೂವತ್ತನಾಲ್ಕು ವರ್ಷ ನನ್ನನ್ನು ಕಂಡು ಹೆದರಿದವರಿದ್ದಾರೆ, ಗೌರವಿಸಿದವರಿದ್ದಾರೆ, ಶಪಿಸಿದವರಿದ್ದಾರೆ. ಕನಿಕರಪಟ್ಟವರು ಒಬ್ಬರೂ ಇರಲಿಲ್ಲ. ನಡುಮನೆಗೆ ಹೋಗಿ ಎರಡೇ ವಾಕ್ಯದಲ್ಲಿ ಸತ್ಯ ಹೇಳಿದ್ದರೆ ಮರ್ಯಾದೆ ನನಗೆ ವಾಪಸು ಬರುತ್ತಿತ್ತು. ಜೊತೆಗೇ ಹುಡುಗಿ ಮೈಸೂರಿಗೂ ಹೊರಡುತ್ತಿದ್ದಳು. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಅವಳ ಹಾಲು ಹಿಡಿದುಕೊಂಡು ಆ ಎರಡು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತ ಬಂದೆ.

ಶಿವಾನಿ ಕುರ್ಚಿಯನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು, ನೋಟ್‌ಬುಕ್ ತೆರೆದು ಕುಳಿತಿದ್ದಳು.

"ಅಜ್ಜಿ, ನಿಂಗೆ ಯಾರ್ ಮೇಲಾದ್ರೂ ಅನುಮಾನ ಇದ್ಯಾ?"

ಎರಡು ವಾಕ್ಯವನ್ನೂ ಕಾಫಿಯ ಜೊತೆ ನುಂಗಿದೆ.

"ತುಂಬ ಜನರ ಮೇಲಿದೆ" ಎಂದೆ.

"ಒಬ್ಬೊಬ್ಬರ ಹೆಸ್ರೂ ಹೇಳು. ಯಾಕೆ ಸಿಟ್ಟು ಅಂತಾನೂ ಹೇಳು."

ಹೇಳತೊಡಗಿದೆ. ಪ್ರಾಕ್ಟಿಕಲ್ಲಿನಲ್ಲಿ ಫೇಲು ಮಾಡಿದವರು, ರೆಕಾರ್ಡು ಹರಿದು ಹಾಕಿಸಿಕೊಂಡವರು, ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದವರು. ಅವಳು ಬರೆದುಕೊಳ್ಳುತ್ತ ಮಧ್ಯೆ ಮಧ್ಯೆ, "ಇದಕ್ಕೂ ಫೇಲ್ ಮಾಡಿದ್ಯಾ?" ಎಂದು ಬೆರಗಾಗುತ್ತಿದ್ದಳು. ಯಜಮಾನರು ವಾಕಿಂಗ್ ಮುಗಿಸಿ ಊಟಕ್ಕೆ ಕರೆದಾಗ ನಾವಿನ್ನೂ ತೊಂಬತ್ತೊಂದನೇ ಇಸವಿಯಲ್ಲಿದ್ದೆವು.