ಕೋರ್ಟು ಅಳೆಸಿದ ಮೊಣಕಾಲು

ಕಣ್ಣಿಗೆ ಕಾಣದ ನೋವಿಗೆ ಮನೆಯಲ್ಲಿ ಮರ್ಯಾದೆಯಿಲ್ಲ. ಜ್ವರ ಬಂದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ, ಕೈ ಮುರಿದರೆ ಪ್ಲಾಸ್ಟರು ಹೇಳುತ್ತದೆ. ಮೊಣಕಾಲಿನ ಒಳಗಿನ ನೋವಿನ ಪರವಾಗಿ ಮಾತಾಡುವವರು ಯಾರು? ನಾನೇ ಮಾತಾಡಬೇಕು, ನಾನು ಮಾತಾಡಿದರೆ ನಂಬುವವರಿಲ್ಲ. ಹೀಗೆ ಒಂದೂವರೆ ವರ್ಷ ಒದ್ದಾಡಿದ ಮೇಲೆ, ಅರ್ಜಿದಾರರ ಬಲ ಮೊಣಕಾಲನ್ನು ಯಾದಗಿರಿಯ ವೈದ್ಯರು ಪರೀಕ್ಷಿಸಿ ವರದಿ ಕೊಡತಕ್ಕದ್ದು ಎಂದು ಕೋರ್ಟು ಆದೇಶ ಮಾಡಿತು. ಆ ದಿನ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿ ಇದನ್ನು ಓದಲಾರಳು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಸುರಪುರದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗಿರಾಕಿಯ ಮುಂದೆ ಸೀರೆ ಹರವುವ ಹಳೇ ಪದ್ಧತಿಯ ಅಂಗಡಿ. ಕೆಂಭಾವಿ ಸಂತೆ ಮುಗಿಸಿ ಬೈಕಿನಲ್ಲಿ ಬರುವಾಗ ಟಂಟಂ ಎಂಬ ಮೂರುಗಾಲಿಯ ಗಾಡಿಯೊಂದು ಬಂದು ಗುದ್ದಿತು. ಮುರಿದ ಎಲುಬು ಕೂಡಿಕೊಂಡಿತು, ಆದರೆ ಮೊಣಕಾಲು ಪೂರ್ತಿ ಮಡಚುವುದನ್ನು ಬಿಟ್ಟುಬಿಟ್ಟಿತು. ಅಂದಿನಿಂದ ಗಾದಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದೇನೆ. ಗಿರಾಕಿ ಕೆಳಗೆ, ನಾನು ಮೇಲೆ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಒಬ್ಬ ಅಜ್ಜಿ, "ಸಾವ್ಕಾರಗ ಸೊಕ್ಕು ಬಂದದ, ಕುರ್ಚಿ ಬಿಟ್ಟು ಇಳಿವಲ್ಲ" ಎಂದು ಎದುರಿನ ಅಂಗಡಿಗೆ ಹೋದಳು. ಮನೆಯಲ್ಲೂ ಇದೇ ಕಥೆ. ನೆಲದ ಮೇಲೆ ಕೂತು ಜೋಳ ಹಸನು ಮಾಡಲು ಕರೆದಾಗ ನಾನು ಮೊಣಕಾಲು ಹಿಡಿದುಕೊಂಡರೆ, ಹೆಂಡತಿ ಶಾಂತಮ್ಮ, "ಕೆಲಸ ಹೇಳಿದಾಗಷ್ಟ ನೋಯ್ತದ ನೋಡ್ರಿ ನಿಮ್ಮ ಕಾಲು" ಎನ್ನುತ್ತಾಳೆ.

ಇವೆಲ್ಲ ಇರಲಿ. ಅಪಘಾತದ ಪರಿಹಾರಕ್ಕೆ ನಾನು ಅರ್ಜಿ ಹಾಕಿದರೆ, ಟಂಟಂನ ವಿಮಾ ಕಂಪನಿಯ ವಕೀಲರು ತುಂಬಿದ ಕೋರ್ಟಿನಲ್ಲಿ, ಇವರ ಕಾಲು ಚೆನ್ನಾಗಿದೆ, ಇದೆಲ್ಲ ನಾಟಕ ಎಂದರು. ನನ್ನ ಮೈಯೆಲ್ಲ ಉರಿಯಿತು. ಅಂಗಡಿಯವನ ಮಾತು ಒಮ್ಮೆ ಸುಳ್ಳು ಎಂದಾದರೆ, ಆಮೇಲೆ ಅವನ ಸೀರೆಯ ಬಣ್ಣವನ್ನೂ ಪೇಟೆ ನಂಬುವುದಿಲ್ಲ. ನನ್ನ ಕಾಲಿನ ಮಾತು ನಿಜವೆಂದು ಒಬ್ಬ ಮನುಷ್ಯ ಗಟ್ಟಿಯಾಗಿ ಹೇಳಿದರೆ ಸಾಕಾಗಿತ್ತು.

ಪರೀಕ್ಷೆಯ ದಿನ ಹೊಸ ಧೋತರ ಉಟ್ಟೆ, ಹಣೆ ತುಂಬ ವಿಭೂತಿ ಹಚ್ಚಿದೆ. ನಮ್ಮ ವಕೀಲರಾದ ಖಾದರ್ ಸಾಹೇಬರು ಹಿಂದಿನ ದಿನವೇ, "ಸಾವ್ಕಾರ್ರ, ಜ್ಯಾದಾ ಮಾತಾಡಬ್ಯಾಡ್ರಿ. ಕೇಳಿದ್ದಕ್ಕಷ್ಟ ಜವಾಬ್ ಕೊಡ್ರಿ. ನೋವದ ಅನ್ರಿ, ಬಸ್" ಎಂದಿದ್ದರು. ಒಬ್ಬನೇ ಹೋದರೆ ಏನಾದರೂ ಕೆಡಿಸಿ ಬರುತ್ತಾನೆಂದು ಶಾಂತಮ್ಮನೂ ಹೊರಟಳು. ಬಸ್ಸಿನಲ್ಲಿ ಶಹಾಪುರದವರೆಗೂ ನಾನು "ನೋವದ್ರಿ, ಭಾಳ ನೋವದ್ರಿ" ಎಂದು ಗುನುಗುತ್ತ ತಾಲೀಮು ಮಾಡಿದೆ. ಪಕ್ಕದಲ್ಲಿದ್ದವರು ಮರುಕಪಟ್ಟು ಚೀಲದಿಂದ ಗುಳಿಗೆ ತೆಗೆದುಕೊಟ್ಟರು. ಅಷ್ಟು ಚೆನ್ನಾಗಿ ಪಾಠವಾಗಿತ್ತು.

ಯಾದಗಿರಿಯ ಆಸ್ಪತ್ರೆಯಲ್ಲಿ ನನ್ನ ಹೆಸರು ಕೂಗಿದಾಗ ನಾನು ಮುಂದೆ, ಶಾಂತಮ್ಮ ಹಿಂದೆ ಹೊರಟೆವು. ಒಳಗೆ ಬೆಳ್ಳಿಗೂದಲಿನ ಡಾಕ್ಟರು ಪೆನ್ನು ಹಿಡಿದು ಕೂತಿದ್ದರು. ತಲೆ ಎತ್ತಿ, "ಬರ್ರಿ, ಕೂಡ್ರಿ. ಆರಾಮ ಅದೀರಿ?" ಎಂದರು.

ನಾನು ಎರಡೂ ಕೈ ಜೋಡಿಸಿ, "ಆರಾಮ್ರಿ ಸಾಹೇಬ್ರ! ನೀವು ಆರಾಮ?" ಎಂದೆ.

ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಸ್ಟ್ರೆಚರಿನ ಮೇಲೆ ಮಲಗಿ ಹೋಗುತ್ತಿರುವವನೂ ಆರಾಮ್ರಿ ಎಂದೇ ಮುಂದೆ ಹೋಗುತ್ತಾನೆ. ಆದರೆ ಡಾಕ್ಟರ ಪೆನ್ನು ಕಾಗದದ ಮೇಲೆ ಓಡಿದ್ದನ್ನು ಕಂಡು ನನ್ನ ಜೀವ ಬಾಯಿಗೆ ಬಂತು. ಹಿಂದೆ ಶಾಂತಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. "ಅಲ್ರಿ ಸಾಹೇಬ್ರ, ಹಂಗಲ್ರಿ..." ಎಂದು ತೊದಲುವಷ್ಟರಲ್ಲಿ ಅವಳೇ ಮುಂದೆ ಬಂದಳು.

"ಇವ್ರ ಮಾತು ಬಿಡ್ರಿ ಸಾಹೇಬ್ರ. ದೇವರ ಮುಂದ ಕೂಡಾಕ ಬರಂಗಿಲ್ಲ, ನಿಂತಽ ಪೂಜಿ ಮಾಡ್ತಾರ. ಪಾಯಖಾನಿಯೊಳಗ ಗ್ವಾಡಿ ಹಿಡ್ಕೊಂಡು ಏಳ್ತಾರ. ಬಿದ್ದಾರು ಅಂತ ನಾ ದಿನಾ ಬಾಗಲ ಹೊರಗ ನಿಂತಿರ್ತೀನ್ರಿ."

ನಾನು ಬೆಪ್ಪಾಗಿ ಅವಳ ಮುಖ ನೋಡಿದೆ. ಒಂದೂವರೆ ವರ್ಷ ಬಾಗಿಲ ಹೊರಗೆ ಇವಳು ನಿಂತಿದ್ದು ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರು ನಕ್ಕು, "ನಾ ಬರ್ಕೊಂಡಿದ್ದು ಇವತ್ತಿನ ತಾರೀಖು ಅಷ್ಟರಿ. ಮಾತು ಬರ್ಕೊಳ್ಳಂಗಿಲ್ಲ, ಕಾಲು ಅಳೀತೀನಿ" ಎಂದರು. ಎರಡು ಸ್ಕೇಲುಗಳನ್ನು ತಿರುಪು ಹಾಕಿ ಜೋಡಿಸಿದಂಥ ಒಂದು ಸಾಮಾನು ತೆಗೆದು ಮೊಣಕಾಲಿಗೆ ಹಿಡಿದು, ಮೆಲ್ಲಗೆ ಮಡಚಿದರು. ಒಂದು ಹಂತಕ್ಕೆ ಬಂದಾಗ ನಾನು "ಯವ್ವಾ!" ಎಂದು ಕೂಗಿದೆ. ಅದನ್ನು ತಾಲೀಮು ಮಾಡಿರಲಿಲ್ಲ.

"ತೊಂಬತ್ತೈದು ಡಿಗ್ರಿ" ಎಂದರು.

ಜೀವಮಾನವಿಡೀ ಅಳತೆ ಮಾಡಿದವನು ನಾನು. ಅಳೆಯುವ ಕೈ ಬೇಕಾದರೆ ಸಡಿಲವಾಗುತ್ತದೆಂದು ಗೊತ್ತು. ಡಿಗ್ರಿ ಕಡಿಮೆಯಾದಷ್ಟೂ ಕಾಲು ಹೆಚ್ಚು ಕೆಟ್ಟಿದೆ ಎಂದು ಲೆಕ್ಕ ಹಾಕಿ, "ಸಾಹೇಬ್ರ, ಎಂಬತ್ತು ಅಂತ ಬರ್ಕೊಳ್ರಲ್ಲ" ಎಂದೆ.

"ನೀವು ಒಂದು ಮೀಟರ್ ಕೇಳಿದವ್ರಿಗೆ ಒಂದೂಕಾಲು ಕೊಡ್ತೀರೇನ್ರಿ?"

ಅವರು ಎರಡು ಸಲ ಮತ್ತೆ ಅಳೆದರು. ಎರಡು ಸಲವೂ ತೊಂಬತ್ತೈದು. ಆಮೇಲೆ ಪೆನ್ನು ಕೆಳಗಿಟ್ಟು, "ಖರೇನ ಅದರಿ. ಇದು ಇಲ್ಲಿಂದ ಮುಂದಕ್ಕ ಮಡಚಂಗಿಲ್ಲ. ಗಾದಿ ಮ್ಯಾಲ ಕೂಡೂದು ಆಗದ ಮಾತು. ಕುರ್ಚಿ ಮ್ಯಾಲ ಕುಂತು ಏನರ ಮಾಡ್ರಿ, ತ್ರಾಸಿಲ್ಲ" ಎಂದರು.

ಖರೇನ ಅದ! ಹೊರಗಿನ ಬೆಂಚಿನ ಮೇಲೆ ಕೂತವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಆ ಅಜ್ಜಿಯನ್ನು, ವಿಮಾ ಕಂಪನಿಯ ವಕೀಲರನ್ನು ಅಲ್ಲಿಗೇ ಕರೆಸಬೇಕೆನಿಸಿತು. ವಾಪಸು ಬರುವ ಬಸ್ಸಿನಲ್ಲಿ ನಾನೊಬ್ಬನೇ ಮಾತಾಡಿದೆ. ಶಾಂತಮ್ಮ ಕಿಟಕಿಯ ಹೊರಗೆ ನೋಡುತ್ತ ನಗುತ್ತಿದ್ದಳು. ಪ್ರೀತಿಯ ನಗು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಅಲ್ಲೊಂದು ಕುರ್ಚಿ, ಅದರ ಮುಂದೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಮೊರದ ತುಂಬ ಜೋಳ, ಪಕ್ಕದಲ್ಲಿ ಅರ್ಧ ಚೀಲ ಜೋಳ.

"ನಿಮ್ಮ ನೋವು ಖರೇನ ಅದ ಅಂದ್ರು ಡಾಕ್ಟರು, ನಂಬೀನಿ" ಎಂದಳು ಶಾಂತಮ್ಮ. "ಕುರ್ಚಿ ಮ್ಯಾಲ ಏನರ ಮಾಡ್ರಿ, ತ್ರಾಸಿಲ್ಲ ಅಂತನೂ ಅವ್ರೇ ಅಂದಾರ. ಅದನ್ನೂ ನಂಬೀನಿ."

ಡಾಕ್ಟರು ಆ ಎರಡನೆಯ ಮಾತು ಹೇಳುವಾಗ, ಸಂತೋಷ ತಡೆಯಲಾರದೆ, ಹೌದ್ರಿ ಹೌದ್ರಿ ಎಂದು ಜೋರಾಗಿ ತಲೆಯಾಡಿಸಿದವನು ನಾನೇ. ಕುರ್ಚಿಯ ಮೇಲೆ ಕೂತೆ. ಮೊಣಕಾಲು ತಕರಾರಿಲ್ಲದೆ ಮಡಚಿಕೊಂಡಿತು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಇಣುಕಿ, "ಆರಾಮ ಅದೀರಿ ಸಾವ್ಕಾರ್ರ?" ಎಂದರು. ಜೋಳದಿಂದ ಕಲ್ಲೊಂದನ್ನು ಆರಿಸಿ ಆಚೆ ಎಸೆದು, "ಆರಾಮ್ರಿ" ಎಂದೆ.