ಹೆಂಡತಿಯ ಜ್ವರಕ್ಕೆ ನಾನು ಕುಡಿದ ಕಷಾಯ

ಪ್ರೀತಿಯ ಮಾತು ಆಡಲು ಬಾರದ ಗಂಡಸರ ಸಂಘವೊಂದನ್ನು ಯಾರಾದರೂ ಕಟ್ಟಿದರೆ, ಅದರ ಅಧ್ಯಕ್ಷಗಿರಿಗೆ ನನಗಿಂತ ಯೋಗ್ಯರು ತರೀಕೆರೆ ತಾಲ್ಲೂಕಿನಲ್ಲಿ ಸಿಗಲಾರರು. ಹೆಂಡತಿಯ ಮೇಲೆ ಮಮತೆ ಉಕ್ಕಿ ಬಂದಾಗ ನಾನು ಹೆಚ್ಚೆಂದರೆ ‘ಸಾರು ಚೆನ್ನಾಗಿದೆ’ ಎನ್ನುತ್ತೇನೆ. ಕಚೇರಿಯ ಗುಮಾಸ್ತನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಹುಟ್ಟುವುದಿಲ್ಲ.

ಒಂದು ಸಲ ಬುಕ್ಕಾಂಬುಧಿಯ ತವರಿಗೆ ಹೋಗಿ ಬಂದ ನನ್ನ ಹೆಂಡತಿ ನಂಜಮ್ಮ ಜೊತೆಗೆ ಚಳಿಜ್ವರವನ್ನೂ ತಂದಳು. ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದರೂ ನಡುಕ ನಿಲ್ಲದು. ಆಸ್ಪತ್ರೆಯ ಡಾಕ್ಟರು ಸಿಂಕೋನಾ ಮರದ ತೊಗಟೆ ಕೊಟ್ಟು, “ಕ್ವಿನೈನ್ ತೆಗೆಯೋದು ಇದರಿಂದಲೇ. ಕಾಯಿಸಿ ಕುಡಿಸಿ. ಕಿವಿ ಗುಂಯ್ ಅಂತದೆ, ಹೆದರಬೇಡಿ. ಬಿಟ್ಟರೆ ಮಾತ್ರ ಜೀವಕ್ಕೇ ಕುತ್ತು” ಎಂದರು. ಓಡುತ್ತಾ ಮನೆಗೆ ಬಂದು ತೊಗಟೆ ಕಾಯಿಸಿದೆ.

ಕಷಾಯ ಮುಂದಿಟ್ಟರೆ ನಂಜಮ್ಮ ಮುಖ ತಿರುಗಿಸಿದಳು. “ನೀವು ಬಾಯಿಗಿಡದೆ ನಾ ಯಾವತ್ತಾದ್ರೂ ಬಾಯಿಗಿಟ್ಟಿದೀನಾ?”

“ಇದು ಊಟ ಅಲ್ಲ ಕಣೇ, ಔಷಧ!”

“ನಮ್ಮ ಒಲೆ ಮೇಲೆ ಬೆಂದಿದ್ದಲ್ವಾ? ಮೊದ್ಲು ನೀವು.”

ಜ್ವರದ ಮೈಯೊಂದಿಗೆ ಯಾರು ವಾದ ಮಾಡುತ್ತಾರೆ? ಕುಡಿದೆ. ಹಾಗಲಕಾಯಿ ಅದರ ಮುಂದೆ ಕಲ್ಲುಸಕ್ಕರೆ. ಆಮೇಲೆ ಅವಳೂ ಕಣ್ಣುಮುಚ್ಚಿ ಕುಡಿದಳು. ಹೀಗೆ ದಿನವೂ ಅವಳ ಜ್ವರಕ್ಕೆ ಮೊದಲ ಲೋಟ ನನಗೆ. ಗಟ್ಟಿಮುಟ್ಟಾಗಿದ್ದ ನನಗೆ ಅದು ಎಲ್ಲಿಲ್ಲದ ಹಸಿವೆ ತಂದಿತು, ಎದೆ ಡವಡವ ಹೊಡೆದುಕೊಂಡಿತು. ಕಚೇರಿಯಲ್ಲಿ ಧೂಳು ಹಿಡಿದು ಮಲಗಿದ್ದ ಕಾಗದಗಳನ್ನೆಲ್ಲ ಎಬ್ಬಿಸಿ ಓಡಿಸಿದೆ. ಅಮಲ್ದಾರರು ಅನುಮಾನದಿಂದ, “ಏನಪ್ಪಾ, ಮೈ ಹುಷಾರಾಗಿದೆ ತಾನೆ?” ಎಂದು ಕೇಳಿದರು.

ಕಿವಿಯ ಗತಿಯೂ ಡಾಕ್ಟರು ಹೇಳಿದಂತೆಯೇ ಆಯಿತು. ಇಬ್ಬರ ಕಿವಿಯಲ್ಲೂ ಜೇನುಗೂಡು. ‘ನೀರು ಬೇಕಾ’ ಎನ್ನುವುದಕ್ಕೂ ಕಿರುಚಬೇಕು. ಒಂದು ಸಂಜೆ ಜ್ವರ ಮತ್ತೆ ಏರಿತು. ಅವಳ ಕೈ ಹಿಡಿದುಕೊಂಡು ಕೂತವನಿಗೆ ದುಃಖ ಒತ್ತರಿಸಿ ಬಂತು. ಏನೋ ಹೇಳಿದೆ. ಅವಳು “ಆಂ?” ಎಂದಳು. ಇನ್ನೂ ಜೋರಾಗಿ ಹೇಳಿದೆ. ಜಗಳವೆಂದುಕೊಂಡು ಪಕ್ಕದ ಮನೆಯ ಗೌರಮ್ಮ ಬಿಡಿಸಲು ಓಡಿ ಬಂದರು; ಬಾಗಿಲಲ್ಲೇ ನಿಂತು, ಸೆರಗು ಬಾಯಿಗಿಟ್ಟುಕೊಂಡು ಹಿಂತಿರುಗಿದರು. ಮರುದಿನ ಬೀದಿಯ ಹೆಂಗಸರೆಲ್ಲ ನನ್ನನ್ನು ನೋಡಿ ನಗುವವರೇ.

ದೇವರು ದೊಡ್ಡವನು. ಜ್ವರ ಬಿಟ್ಟಿತು, ಕಷಾಯ ನಿಂತಿತು, ಕಿವಿಗಳೂ ತಿಳಿಯಾದವು. ನಂಜಮ್ಮ ಎದ್ದು ಒಲೆ ಹಚ್ಚಿದ ದಿನ ನಾನು ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಊಟಕ್ಕೆ ಬಡಿಸುತ್ತಾ ಅವಳು ಕೇಳಿದಳು: “ಆವತ್ತು ಸಂಜೆ ಏನೋ ಕೂಗ್ತಿದ್ರಲ್ಲ? ನಂಗೊಂದೂ ಕೇಳಿಸ್ಲಿಲ್ಲ ಕಣ್ರೀ. ಗೌರಮ್ಮನ್ನ ಕೇಳಿದ್ರೆ ‘ನಿನ್ ಗಂಡನ್ನೇ ಕೇಳು’ ಅಂತಾರೆ.”

ಇಡೀ ಬೀದಿಗೆ ಕೇಳಿದ ಮಾತು, ಕೇಳಬೇಕಾದ ಒಬ್ಬಳಿಗೇ ಕೇಳಿರಲಿಲ್ಲ! ಈಗ ಕಿವಿ ನೆಟ್ಟಗಿದೆ, ಬೇರೆ ಯಾರೂ ಇಲ್ಲ, ಪಿಸುಗುಟ್ಟಿದರೂ ಸಾಕು. ಬಾಯಿ ತೆರೆದೆ.

“ಸಾರು ಚೆನ್ನಾಗಿದೆ” ಎಂದೆ.

ನಂಜಮ್ಮ ನನ್ನನ್ನೇ ನೋಡಿದಳು. ಆಮೇಲೆ ಎದ್ದು, ಮಿಕ್ಕಿದ್ದ ತೊಗಟೆಯನ್ನು ಕಷಾಯಕ್ಕೆಂದು ಒಲೆಯ ಮೇಲಿಟ್ಟಳು.

“ನನಗೆ ಜ್ವರ ಇಲ್ಲವಲ್ಲೇ!”

“ಆವಾಗ್ಲೂ ಇರ್ಲಿಲ್ವಲ್ಲ” ಎಂದಳು.